ಅಗ್ಗದ ಕ್ರೀಮ್ ಕೊಳ್ಳುತ್ತೀರಾ? ಮೊದಲು ಡಬ್ಬಿ ತಿರುಗಿಸಿ ನೋಡಿ
ಮುಂಬೈ: ಕ್ರಾಫರ್ಡ್ ಮಾರ್ಕೆಟ್‌ನಿಂದ ಹಿಡಿದು ಉಪನಗರದ ರೈಲು ನಿಲ್ದಾಣಗಳ ಎದುರಿನ ಅಂಗಡಿಗಳವರೆಗೆ ಅಗ್ಗದ ಕ್ರೀಮ್‌ಗಳಿಗೆ ಬರವಿಲ್ಲ. ಅಗ್ಗವಾದದ್ದೆಲ್ಲ ಕೆಟ್ಟದ್ದಲ್ಲ. ಒಣ ಚರ್ಮಕ್ಕೆ ಮೆಡಿಕಲ್ ಶಾಪ್‌ನ ಪೆಟ್ರೋಲಿಯಂ ಜೆಲ್ಲಿ ಅಥವಾ ನೀರು ಬೆರೆಸಿದ ಗ್ಲಿಸರಿನ್ ಎಷ್ಟೋ ಸಲ ಸಾಕು.

ಅಪಾಯ ಇರುವುದು 'ವಾರದಲ್ಲೇ ಬೆಳ್ಳಗಾಗಿ' ಎನ್ನುವ ಡಬ್ಬಿಗಳಲ್ಲಿ. ಮಹಾರಾಷ್ಟ್ರದ ಅಕೋಲಾದ ಒಂದೇ ಕುಟುಂಬದ ಮೂವರಿಗೆ ಕಿಡ್ನಿ ಸಮಸ್ಯೆ ಕಾಣಿಸಿಕೊಂಡಿತ್ತು. ಅವರು ಹಚ್ಚುತ್ತಿದ್ದ ಕ್ರೀಮ್‌ನಲ್ಲಿ ಪಾದರಸವಿದ್ದದ್ದು ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಪತ್ತೆಯಾಗಿ, 2023ರಲ್ಲಿ ಸುದ್ದಿಯಾಯಿತು. ಪಾದರಸ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಉತ್ಪಾದನೆ ತಡೆಯುತ್ತದೆ. ಹಾಗಾಗಿ ಮುಖ ಬೇಗ ತಿಳಿಯಾಗುತ್ತದೆ, ಬಳಸಿದವರಿಗೆ ನಂಬಿಕೆಯೂ ಬರುತ್ತದೆ! ಆದರೆ ಅದು ಚರ್ಮದ ಮೂಲಕ ರಕ್ತ ಸೇರಿ ಕಿಡ್ನಿ ಹಾಳು ಮಾಡಬಲ್ಲದು.

ಹಾಗಾದರೆ ಏನು ನೋಡಬೇಕು? ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ. ವಿದೇಶಿ ಮಾಲಾದರೆ ಆಮದುದಾರರ ವಿಳಾಸ ಮತ್ತು ನೋಂದಣಿ ಸಂಖ್ಯೆ ಇರಲೇಬೇಕು. ಇಲ್ಲದಿದ್ದರೆ ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ.

ಮೊಮೆಟಾಸೋನ್ ಎಂದು ಬರೆದಿದ್ದರೆ ಅದು ಸೌಂದರ್ಯವರ್ಧಕವಲ್ಲ, ಸ್ಟೀರಾಯ್ಡ್ ಔಷಧಿ. 2018ರಿಂದ ಇಂಥ 14 ಸ್ಟೀರಾಯ್ಡ್‌ಗಳ ಮುಲಾಮುಗಳಿಗೆ ವೈದ್ಯರ ಚೀಟಿ ಕಡ್ಡಾಯ. ಅಂಗಡಿಯವರು ಕೇಳದೇ ಕೊಟ್ಟರೂ ಮುಖಕ್ಕೆ ಹಚ್ಚಬೇಡಿ.