ಅಂಧ ಉದ್ಯೋಗಿಗೆ ಗಣಕಯಂತ್ರ: ಆಯ್ಕೆ ಹೇಗೆ?

ಲೆಕ್ಕಪತ್ರದ ಹುದ್ದೆಗೆ ಅರ್ಹ ಪದವೀಧರರೊಬ್ಬರು ಸಂದರ್ಶನಕ್ಕೆ ಬಂದಿದ್ದಾರೆ, ಅವರಿಗೆ ದೃಷ್ಟಿಯಿಲ್ಲ ಎಂದಿಟ್ಟುಕೊಳ್ಳೋಣ. "ಇವರು ಗಣಕಯಂತ್ರವನ್ನು ಹೇಗೆ ಬಳಸಿಯಾರು?" ಎಂಬ ಒಂದೇ ಸಂದೇಹದಿಂದ ಅವರನ್ನು ಹಿಂದಿರುಗಿಸುವ ಮಾಲೀಕರಿದ್ದಾರೆ. ಸಂದೇಹಕ್ಕೆ ಉತ್ತರವಿದೆ. ಆದರೆ ಯಂತ್ರ ಕೊಳ್ಳುವ ಮುನ್ನವೇ ಅದು ತಿಳಿದಿರಬೇಕು. ಇಲ್ಲವಾದರೆ ಹೂಡಿದ ಹಣವೂ ಉದ್ಯೋಗಿಯ ಸಾಮರ್ಥ್ಯವೂ ವ್ಯರ್ಥವಾಗುತ್ತವೆ.

ಅಂಧರಿಗೆ ನೆರವಾಗುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ. ಪರದೆಯ ಮೇಲಿನ ಅಕ್ಷರಗಳನ್ನು ಅದು ಧ್ವನಿಯಾಗಿ ಓದಿ ಹೇಳುತ್ತದೆ. ಮೌಸ್‌ನ ಬದಲು ಕೀಲಿಮಣೆಯಿಂದಲೇ ಕೆಲಸ ಸಾಗುತ್ತದೆ.

ಮೂರು ದಾರಿಗಳು

ವಿಂಡೋಸ್‌ನಲ್ಲಿ ಆಯ್ಕೆಗಳು ಹೆಚ್ಚು. ಹಣ ಕೊಟ್ಟು ಪಡೆಯುವ ಜಾಸ್ ಹಳೆಯದು, ಸಮರ್ಥವಾದುದು. ಆಸ್ಟ್ರೇಲಿಯಾದ ಇಬ್ಬರು ಅಂಧ ತಂತ್ರಜ್ಞರಾದ ಮೈಕೇಲ್ ಕರನ್ ಮತ್ತು ಜೇಮ್ಸ್ ಟೆ ಬೆಳೆಸಿದ ಎನ್‌ವಿಡಿಎ ಉಚಿತ. ಅದರ ಕೆಲಸ ಆರಂಭವಾದದ್ದು 2006ರಲ್ಲಿ. ಅದರೊಂದಿಗೆ ಬರುವ ಇ-ಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಆಪಲ್‌ನ ಮ್ಯಾಕ್ ಯಂತ್ರಗಳಲ್ಲಿ 2005ರಿಂದ ವಾಯ್ಸ್‌ಓವರ್ ಅಡಕವಾಗಿಯೇ ಬರುತ್ತಿದೆ, ಆದರೆ ಯಂತ್ರದ ಬೆಲೆ ಹೆಚ್ಚು. ಲಿನಕ್ಸ್ ಉಚಿತ, ಅದರ ಆರ್ಕಾ ಸಹ ಉಚಿತ; ಆದರೆ ವಿಂಡೋಸ್‌ಗಾಗಿ ಸಿದ್ಧಪಡಿಸಿದ ಲೆಕ್ಕದ ತಂತ್ರಾಂಶ ಅದರಲ್ಲಿ ನೇರವಾಗಿ ನಡೆಯದು.

ಹೀಗಾಗಿ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಅಂಗಡಿಯ ಕೆಲಸ ಯಾವ ತಂತ್ರಾಂಶದಲ್ಲಿ ನಡೆಯುತ್ತದೆ? ಉದ್ಯೋಗಿಯ ಕೈ ಯಾವುದಕ್ಕೆ ಪಳಗಿದೆ?

ಕೊಳ್ಳುವ ಮುನ್ನ ಪರೀಕ್ಷೆ

ಗುಂಡಿಗಳನ್ನು ಹೆಸರಿಲ್ಲದ ಚಿತ್ರಗಳಾಗಿ ತೋರಿಸುವ ತಂತ್ರಾಂಶದಲ್ಲಿ ಯಾವ ಗುಂಡಿ ಯಾವುದೆಂದು ಸ್ಕ್ರೀನ್ ರೀಡರ್ ಹೇಳಲಾರದು. ಇದನ್ನು ಅರಿಯಲು ಖರ್ಚಿಲ್ಲದ ಉಪಾಯವೊಂದಿದೆ. ಎನ್‌ವಿಡಿಎಯನ್ನು ಪೆನ್ ಡ್ರೈವ್‌ನಿಂದಲೇ ನಡೆಸಬಹುದು. ಅಭ್ಯರ್ಥಿಯನ್ನು ತಮ್ಮದೇ ಯಂತ್ರದ ಮುಂದೆ ಕೂರಿಸಿ, ಒಂದು ಬಿಲ್ಲು, ಒಂದು ರಸೀದಿ, ಒಂದು ಖಾತೆ ವಿವರ ಸಿದ್ಧಪಡಿಸಲು ಹೇಳಬೇಕು. ತೊಡಕು ಎಲ್ಲಿದೆಯೆಂಬುದು ಆಗಲೇ ತಿಳಿಯುತ್ತದೆ.

ಮೂಲೆಗೆ ಸರಿಸಿದ ಹಳೆಯ ಯಂತ್ರವನ್ನು ಕೊಡುವುದು ಉಚಿತವಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ.

ಕನ್ನಡ ಕಡತಗಳ ತೊಡಕು

ನಮ್ಮ ಕಚೇರಿಗಳಿಗೆ ವಿಶೇಷವಾದ ಸಮಸ್ಯೆಯೊಂದಿದೆ. ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪಿಸಿದ ಪತ್ರ ಕಣ್ಣಿಗೆ ಕನ್ನಡವಾದರೂ ಯಂತ್ರಕ್ಕೆ ರೋಮನ್ ಅಕ್ಷರಗಳ ರಾಶಿ. ಸ್ಕ್ರೀನ್ ರೀಡರ್ ಅದನ್ನು ಅರ್ಥವಿಲ್ಲದ ಸದ್ದಾಗಿ ಓದುತ್ತದೆ. ಅಂತಹ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು. ಸ್ಕ್ಯಾನ್ ಮಾಡಿದ ಬಿಲ್ಲು ಬರಿಯ ಚಿತ್ರ. ಅಕ್ಷರ ಗುರುತಿಸುವ ತಂತ್ರಾಂಶದ ಸಹಾಯವಿಲ್ಲದೆ ಅದನ್ನು ಓದಲಾಗದು.

ಕಾನೂನೂ ಗಮನದಲ್ಲಿರಲಿ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 21ನೆಯ ಕಲಮಿನಂತೆ ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ಖಾಸಗಿ ಸಂಸ್ಥೆಗಳು ಇದಕ್ಕೆ ಹೊರತಲ್ಲ. ಆ ನೀತಿ ಕಾಗದದ ಮೇಲೆ ಉಳಿಯದೆ ನಡೆಯುವುದು ಮೇಜಿನ ಮೇಲಿನ ಯಂತ್ರ ಮಾತನಾಡಿದಾಗ. ಆದ್ದರಿಂದ ಸದಸ್ಯ ಬಾಂಧವರು ಮೊದಲು ಅಭ್ಯರ್ಥಿಯನ್ನು ಕೇಳಲಿ, ಬಳಿಕ ಪರೀಕ್ಷಿಸಲಿ, ಕೊನೆಯಲ್ಲಿ ಕೊಳ್ಳಲಿ.