ಇದ್ದಿಲಿನ ಊರು ಬ್ರುನೆಲ್ಲೊ ಊರಾದದ್ದು

ಇಟಲಿಯ ಟಸ್ಕನಿಯಲ್ಲಿ, ಸಿಯೆನಾದಿಂದ ದಕ್ಷಿಣಕ್ಕೆ ಹೊರಟ ಬಸ್ಸು ಬುವೊನ್‌ಕನ್ವೆಂತೊ ಪೇಟೆ ದಾಟಿದ ಮೇಲೆ ಗುಡ್ಡ ಹತ್ತತೊಡಗುತ್ತದೆ. ಅಲ್ಲಿಯತನಕ ಕಂಡದ್ದು ಬೂದುಬಣ್ಣದ ಜೇಡಿಮಣ್ಣಿನ ದಿಬ್ಬಗಳು, ಗೋಧಿಹೊಲಗಳು, ಒಂಟಿ ಮನೆಗಳತ್ತ ಸಾಲುಗಟ್ಟಿ ಹೋಗುವ ಸೈಪ್ರೆಸ್ ಮರಗಳು. ಈಗ ರಸ್ತೆಯ ಎರಡೂ ಬದಿಗೆ ದ್ರಾಕ್ಷಿತೋಟ. ತಿರುವು ಕಳೆದಂತೆಲ್ಲ ನೆತ್ತಿಯ ಮೇಲೊಂದು ಕೋಟೆ ಕಾಣಿಸಿಕೊಂಡು ಮರೆಯಾಗುತ್ತದೆ. 564 ಮೀಟರ್ ಎತ್ತರದಲ್ಲಿ ಕೂತಿರುವ ಈ ಪುಟ್ಟ ಊರೇ ಮೊಂತಾಲ್ಚಿನೊ. ಜಗತ್ತಿನ ವೈನ್ ಪ್ರಿಯರಿಗೆ ಇದು ಬ್ರುನೆಲ್ಲೊ ಎಂಬ ಕೆಂಪು ವೈನಿನ ಊರು.

ಇಳಿದು ನಡೆಯತೊಡಗಿದರೆ ಬೀದಿಗಳೆಲ್ಲ ಏರು, ಇಲ್ಲವೇ ಇಳಿಜಾರು. ಎರಡು ಅಂಗಡಿಗಳಲ್ಲಿ ಒಂದು ವೈನಿನದು ಎನ್ನಿಸುವಷ್ಟು ಸೀಸೆಗಳ ಸಾಲು. ಕೋಟೆಯೊಳಗೂ ವೈನ್ ಅಂಗಡಿಯಿದೆ. ಈ ಕಲ್ಲು, ಈ ಹೆಂಚು, ಈ ಬಳ್ಳಿ, ಈ ಕೆಂಪು ವೈನ್ ಎಲ್ಲವೂ ಒಟ್ಟಿಗೆ ಹುಟ್ಟಿ ಒಟ್ಟಿಗೆ ಹಳೆಯದಾಗಿವೆ ಎಂದು ಬಂದವರು ನಂಬಿಬಿಡುತ್ತಾರೆ. ಪ್ರವಾಸಿ ಪುಸ್ತಕಗಳು ಈ ನಂಬಿಕೆಗೆ ನೀರೆರೆಯುತ್ತವೆ. ಆದರೆ ಕೋಟೆ ಕಟ್ಟಿದ್ದು 1361ರಲ್ಲಿ. ಬ್ರುನೆಲ್ಲೊಗೆ ಇನ್ನೂ ಇನ್ನೂರು ವರ್ಷ ಆಗಿಲ್ಲ. ಅದರಿಂದ ಈ ಊರಿಗೆ ಅನ್ನ ಸಿಗತೊಡಗಿದ್ದಂತೂ ಈಗ ಬದುಕಿರುವ ಹಿರಿಯರು ಕಣ್ಣಾರೆ ಕಂಡ ಸಂಗತಿ. ಹಳೆಯ ಊರೊಂದಕ್ಕೆ ಹೊಸ ಬದುಕು ಒದಗಿದ ಕಥೆ ಇದು. ತನ್ನಷ್ಟಕ್ಕೆ ಆದದ್ದಲ್ಲ, ಕೆಲವರು ಪಟ್ಟು ಹಿಡಿದು ಮಾಡಿದ್ದು. ಮೊಂತಾಲ್ಚಿನೊವನ್ನು ನೋಡಬೇಕಾದದ್ದು ಈ ಕಣ್ಣಿನಿಂದ ಎಂದು ನನಗನ್ನಿಸುತ್ತದೆ.

ಕೋಟೆಯ ಕಥೆಯನ್ನು ಬೇಗ ಹೇಳಿಬಿಡಬಹುದು. ಸಿಯೆನಾ ಮತ್ತು ಫ್ಲಾರೆನ್ಸ್ ನಗರರಾಜ್ಯಗಳು ಶತಮಾನಗಳ ಕಾಲ ಕಾದಾಡಿದವು. ನಡುವೆ ಸಿಕ್ಕ ಮೊಂತಾಲ್ಚಿನೊ ಕೊನೆಗೆ ಸಿಯೆನಾದ ಪಾಲಾಯಿತು, ಕೋಟೆಯನ್ನು ಕಟ್ಟಿಸಿದ್ದೂ ಸಿಯೆನಾದವರೇ. 1555ರಲ್ಲಿ ಸಿಯೆನಾ ನಗರವೇ ಶರಣಾದಾಗ ಅಲ್ಲಿಂದ ಹೊರಬಿದ್ದ ನೂರಾರು ಕುಟುಂಬಗಳು ಈ ಗುಡ್ಡ ಹತ್ತಿ ಬಂದು, ತಮ್ಮ ಗಣರಾಜ್ಯ ಇನ್ನೂ ಬದುಕಿದೆ ಎಂದು ಸಾರಿದವು. ಅದು ನಡೆದದ್ದು 1559ರ ತನಕ ಮಾತ್ರ. ಆಮೇಲೆ ಫ್ಲಾರೆನ್ಸಿನ ದೊರೆಗಳಾದ ಮೆದಿಚಿಗಳ ಆಳ್ವಿಕೆಯಲ್ಲಿ ಊರು ಮೂಲೆಗೆ ಸರಿಯಿತು.

ಆ ಕಾಲದಲ್ಲೂ ಇಲ್ಲಿ ವೈನ್ ಇತ್ತು. ಆದರೆ ಹೆಸರಾಗಿದ್ದದ್ದು ಕೆಂಪು ವೈನ್ ಅಲ್ಲ, ಮೊಸ್ಕದೆಲ್ಲೊ ಎಂಬ ಸಿಹಿಯಾದ ಬಿಳಿ ವೈನ್. ಫ್ರಾನ್ಚೆಸ್ಕೊ ರೆದಿ ಎಂಬ ವೈದ್ಯ 1685ರಲ್ಲಿ ಪ್ರಕಟಿಸಿದ, ಟಸ್ಕನಿಯ ವೈನುಗಳನ್ನೆಲ್ಲ ಹೊಗಳುವ ಕಾವ್ಯದಲ್ಲಿ ಮೊಂತಾಲ್ಚಿನೊದ ಹೆಸರು ಬರುವುದು ಈ ಮೊಸ್ಕದೆಲ್ಲೊ ನೆಪದಲ್ಲೇ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಯುರೋಪಿನ ದ್ರಾಕ್ಷಿಗೆ ಬೂದಿರೋಗ ತಗುಲಿತು, ಕೆಲವು ದಶಕಗಳ ನಂತರ ಬೇರು ತಿನ್ನುವ ಫೈಲಾಕ್ಸೆರಾ ಕೀಟವೂ ಬಂತು. ಹಳೆಯ ತೋಟಗಳು ಹಾಳಾಗಿ, ಏನನ್ನು ಮತ್ತೆ ನೆಡಬೇಕು ಎಂಬ ಪ್ರಶ್ನೆ ಎದ್ದ ಹೊತ್ತದು.

ಕ್ಲೆಮೆಂತೆ ಸಾಂತಿ ಈ ಊರಿನ ಔಷಧಶಾಸ್ತ್ರಜ್ಞ. ಊರಿನ ಹೊರಗಿನ ಇಲ್ ಗ್ರೆಪ್ಪೊ ಎಂಬ ತೋಟ ಅವರದು. ವಿಜ್ಞಾನ ಓದಿಕೊಂಡ ಈ ಮನುಷ್ಯ ಕೆಂಪು ವೈನನ್ನು ವರ್ಷಗಟ್ಟಲೆ ಮಾಗಿಸಿ ನೋಡತೊಡಗಿದರು. 1869ರಲ್ಲಿ ನೆರೆಯ ಮೊಂತೆಪುಲ್ಚಾನೊದ ಕೃಷಿ ಸಂಘವು ಅವರ 1865ರ ಬ್ರುನೆಲ್ಲೊಗೆ ಬೆಳ್ಳಿ ಪದಕ ಕೊಟ್ಟಿತು. ಅವರ ಮಗಳು ಫ್ಲಾರೆನ್ಸಿನ ಬಿಯೊಂದಿ ಮನೆತನದ ವೈದ್ಯರೊಬ್ಬರನ್ನು ಮದುವೆಯಾದರು. ಆ ದಂಪತಿಯ ಮಗ ಫೆರುಚ್ಚೊ ತಾತನ ತೋಟಕ್ಕೆ ಬಂದು ನಿಂತು, ತಾತನ ಹೆಸರನ್ನೂ ತನ್ನ ಹೆಸರಿಗೆ ಸೇರಿಸಿಕೊಂಡು ಬಿಯೊಂದಿ ಸಾಂತಿ ಆದರು.

ಹದಿಹರೆಯದಲ್ಲೇ ಗ್ಯಾರಿಬಾಲ್ಡಿಯ ಪಡೆ ಸೇರಿ 1866ರ ಬೆಜೆಕ್ಕ ಕದನದಲ್ಲಿ ಹೋರಾಡಿ ಬಂದಿದ್ದ ಈ ಫೆರುಚ್ಚೊ ಮಾಡಿದ ಕೆಲಸ ಕೇಳಲು ಸರಳ. ಟಸ್ಕನಿಯಲ್ಲಿ ಆಗಿನ ರೂಢಿಯೆಂದರೆ ಹಲವು ತಳಿಯ ದ್ರಾಕ್ಷಿ ಬೆರೆಸಿ, ಬಿಳಿ ದ್ರಾಕ್ಷಿಯನ್ನೂ ಸೇರಿಸಿ, ಹೊಸದಿರುವಾಗಲೇ ಕುಡಿದು ಮುಗಿಸುವ ವೈನ್ ಮಾಡುವುದು. ಮಾರುಕಟ್ಟೆ ಕೇಳುತ್ತಿದ್ದದ್ದೂ ಅದನ್ನೇ. ಫೆರುಚ್ಚೊ ಸಾಂಜೊವೇಸೆ ಎಂಬ ಒಂದೇ ತಳಿಯನ್ನು ಹಿಡಿದರು. ತಮ್ಮ ತೋಟದಲ್ಲಿ ಚೆನ್ನಾಗಿ ತಾಳಿದ ಬಳ್ಳಿಗಳನ್ನೇ ಆರಿಸಿ ಬೆಳೆಸಿದರು. ಫಸಲನ್ನು ಕಡಿಮೆ ಮಾಡಿದರು, ಹಣ್ಣಿನ ಸಿಪ್ಪೆಯನ್ನು ರಸದಲ್ಲಿ ಹೆಚ್ಚು ದಿನ ನೆನೆಸಿದರು, ದೊಡ್ಡ ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಾಗಿಸಿದರು. 1888ರ ಸುಗ್ಗಿಯದು ಆ ಮನೆಯ ಮೊದಲ ಪೂರ್ಣ ಬ್ರುನೆಲ್ಲೊ ಎಂಬ ಲೆಕ್ಕವಿದೆ. ಆ ಸುಗ್ಗಿಯ ಬೆರಳೆಣಿಕೆಯ ಸೀಸೆಗಳು ಇಂದಿಗೂ ಇಲ್ ಗ್ರೆಪ್ಪೊ ನೆಲಮಾಳಿಗೆಯಲ್ಲಿವೆ.

ಅದೇ 1888ರಲ್ಲಿ ಫೆರುಚ್ಚೊ ಊರಿನ ಚೌಕದಲ್ಲಿ ಒಂದು ಕೆಫೆ ತೆರೆದರು. ಫಿಯಾಸ್ಕೆತೆರಿಯಾ ಇತಾಲಿಯಾನಾ ಎಂಬ ಹೆಸರಿನ ಆ ಕೆಫೆ ಅಮೃತಶಿಲೆಯ ಮೇಜು, ಮಖಮಲ್ಲಿನ ಪೀಠ, ದೊಡ್ಡ ಕನ್ನಡಿಗಳೊಂದಿಗೆ ಇನ್ನೂ ನಡೆಯುತ್ತಿದೆ. ಎದುರಿಗೆ ಸಪೂರ ಗೋಪುರದ ಪುರಭವನ. ಮೊಂತಾಲ್ಚಿನೊಗೆ ಹೋದವರು ಅರ್ಧ ಗಂಟೆ ಎಲ್ಲಾದರೂ ಸುಮ್ಮನೆ ಕೂರಬೇಕೆಂದರೆ ಈ ಕೆಫೆಯಲ್ಲೇ ಕೂರಲಿ. ವೈನ್ ಬೇಡವಾದರೆ ಕಾಫಿ ಸಿಗುತ್ತದೆ.

ಮುಂದಿನ ಅರ್ಧ ಶತಮಾನದಲ್ಲಿ ಬ್ರುನೆಲ್ಲೊ ಒಂದು ಮನೆಯ, ಹೆಚ್ಚೆಂದರೆ ನಾಲ್ಕಾರು ಮನೆಗಳ ವೈನ್ ಆಗಿಯೇ ಉಳಿಯಿತು. ಫೆರುಚ್ಚೊ ಅವರ ಮಗ ತಾಂಕ್ರೆದಿ ವೈನ್ ವಿಜ್ಞಾನದಲ್ಲಿ ಪಳಗಿದವರು. ಹಳೆಯ ಸೀಸೆಗಳ ಬಿರಡೆ ತೆಗೆದು, ಇಂಗಿಹೋದಷ್ಟನ್ನು ಅದೇ ವರ್ಷದ ವೈನಿನಿಂದ ತುಂಬಿ, ಹೊಸ ಬಿರಡೆ ಹಾಕುವ ಪದ್ಧತಿಯನ್ನು ಅವರು ನಡೆಸಿದರು. 1944ರಲ್ಲಿ ಯುದ್ಧ ಟಸ್ಕನಿಯನ್ನು ಹಾದುಹೋಗುವಾಗ ಹಳೆಯ ಸೀಸೆಗಳ ಮುಂದೆ ಗೋಡೆ ಕಟ್ಟಿಸಿ ಅವನ್ನು ಸೈನಿಕರ ಕಣ್ಣಿನಿಂದ ಮರೆಮಾಡಿದರು. ನೂರು ವರ್ಷ ಬಾಳಬಲ್ಲ ವೈನ್ ಎಂಬ ಮಾತಿಗೆ ಪುರಾವೆ ಉಳಿದದ್ದು ಹೀಗೆ.

ಇಷ್ಟಾದರೂ ಊರು ಬಡ ಊರು. ವೈನಿನ ಬಗ್ಗೆ ಬರೆಯುವವರು ಇಲ್ಲಿ ಬೇಗ ದಾಟಿಬಿಡುತ್ತಾರೆ, ನನಗೆ ಮಾತ್ರ ಹೆಚ್ಚು ಹೊತ್ತು ನಿಲ್ಲಬೇಕೆನಿಸುವುದು ಇಲ್ಲಿಯೇ. ಮೊಂತಾಲ್ಚಿನೊ ಸೀಮೆಯ ಸುಮಾರು ಅರ್ಧ ಭಾಗ ಕಾಡು. ಆ ಕಾಡಿನಲ್ಲಿ ಮರ ಕಡಿದು, ಮಣ್ಣು ಮುಚ್ಚಿದ ಗೂಡುಗಳಲ್ಲಿ ನಿಧಾನವಾಗಿ ಸುಟ್ಟು ಇದ್ದಿಲು ಮಾಡುವುದು ನೂರಾರು ಮನೆಗಳ ಬದುಕಾಗಿತ್ತು. ಉಳಿದವರು ಒಡೆಯರ ಹೊಲದಲ್ಲಿ ಅರ್ಧಪಾಲಿನ ಕೋರಿಗೆ ದುಡಿಯುವ ಒಕ್ಕಲುಗಳು. ಯುದ್ಧದ ನಂತರ ಎರಡೂ ಒಟ್ಟಿಗೆ ಕುಸಿದವು. ಅಡುಗೆಗೆ ಗ್ಯಾಸ್ ಬಂದಾಗ ಇದ್ದಿಲನ್ನು ಕೇಳುವವರಿಲ್ಲದಾಯಿತು. 1964ರ ಕಾನೂನು ಹೊಸ ಕೋರು ಒಪ್ಪಂದಗಳನ್ನು ನಿಷೇಧಿಸಿತು. ನ್ಯಾಯವಾದ ಕಾನೂನೇ ಅದು, ಆದರೆ ಅಷ್ಟರಲ್ಲಿ ಯುವಕರು ಕಾರ್ಖಾನೆಗಳತ್ತ ಮುಖ ಮಾಡಿಯಾಗಿತ್ತು. ಅದೇ ವರ್ಷ ಮಿಲಾನಿನಿಂದ ನೇಪಲ್ಸಿಗೆ ಹೊಸ ಹೆದ್ದಾರಿ ಪೂರ್ಣವಾಗಿ, ಗುಡ್ಡದ ಕೆಳಗೆ ರೋಮಿಗೆ ಹೋಗುತ್ತಿದ್ದ ಪುರಾತನ ಕಾಸಿಯಾ ರಸ್ತೆಯ ವಾಹನಗಳೂ ದೂರ ಸರಿದವು. ಎರಡು ಮೂರು ದಶಕಗಳಲ್ಲಿ ಜನಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಸಿಯೆನಾ ಪ್ರಾಂತ್ಯದ ತೀರ ಬಡ ಊರುಗಳ ಪಟ್ಟಿಯಲ್ಲಿ ಮೊಂತಾಲ್ಚಿನೊ ಹೆಸರಿತ್ತು.

1960ರಲ್ಲಿ ಊರಿನ ಮೇಯರ್ ಆದ ಇಲಿಯೊ ರಫಾಯೆಲ್ಲಿ ಸ್ವತಃ ಕಾಡಿನಲ್ಲಿ ಇದ್ದಿಲು ಸುಟ್ಟು ಬಂದವರು, ಕಮ್ಯುನಿಸ್ಟ್ ಪಕ್ಷದವರು. 1980ರವರೆಗೆ ಅವರೇ ಮೇಯರ್. ಅರಮನೆಯಂಥ ಮನೆಗಳ ಒಡೆಯರು ಮಾಡುತ್ತಿದ್ದ ವೈನಿನಲ್ಲಿ ಕೂಲಿಯವರ ಮಕ್ಕಳಿಗೂ ಭವಿಷ್ಯ ಇರಬಹುದು ಎಂದು ಕಂಡುಕೊಂಡವರಲ್ಲಿ ಅವರೂ ಒಬ್ಬರು. ಬಿಯೊಂದಿ ಸಾಂತಿ, ಕೊಲೊಂಬಿನಿಯಂಥ ಹಳೆಯ ಮನೆತನಗಳು ಒಂದು ಕಡೆ, ಆಗಷ್ಟೇ ತುಂಡು ನೆಲದ ಒಡೆಯರಾದ ಒಕ್ಕಲುಗಳು ಇನ್ನೊಂದು ಕಡೆ. ಇವರೆಲ್ಲ ಒಂದೇ ನಿಯಮಕ್ಕೆ ಸಹಿ ಹಾಕಿದರು. 1966ರಲ್ಲಿ ಬ್ರುನೆಲ್ಲೊಗೆ ಸರ್ಕಾರದ ಮೂಲಸ್ಥಾನ ಮನ್ನಣೆ ಸಿಕ್ಕಿತು, ಮರುವರ್ಷ ಉತ್ಪಾದಕರ ಒಕ್ಕೂಟ ಹುಟ್ಟಿತು. ಇದೇ ಸೀಮೆಯ ದ್ರಾಕ್ಷಿ, ಸಾಂಜೊವೇಸೆ ಒಂದೇ ತಳಿ, ದೀರ್ಘ ಕಾಲದ ಮಾಗುವಿಕೆ: ಫೆರುಚ್ಚೊ ಅವರ ಹಟ ಊರಿಗೆಲ್ಲ ಕಟ್ಟಳೆಯಾಯಿತು. ಮುಂದೆ ಇಟಲಿ ಇದಕ್ಕಿಂತ ಕಟ್ಟುನಿಟ್ಟಿನ, ಖಾತರಿಸಹಿತ ದರ್ಜೆಯನ್ನು ತಂದಾಗ 1980ರಲ್ಲಿ ಅದನ್ನು ಪಡೆದ ಮೊದಲ ವೈನುಗಳಲ್ಲಿ ಬ್ರುನೆಲ್ಲೊ ಸೇರಿತ್ತು.

ಹೆಸರು ಹೊರಗೆ ಹಬ್ಬಿದ್ದಕ್ಕೆ ಒಂದು ಔತಣವೂ ಕಾರಣ. 1969ರಲ್ಲಿ ಇಟಲಿಯ ಅಧ್ಯಕ್ಷ ಜ್ಯುಸೆಪ್ಪೆ ಸಾರಾಗಾತ್ ಲಂಡನ್ನಿಗೆ ಹೋದಾಗ ರಾಯಭಾರ ಕಚೇರಿಯಲ್ಲಿ ರಾಣಿ ಎಲಿಜಬೆತ್‌ಗೆ ನೀಡಿದ ಊಟದಲ್ಲಿ ಬಿಯೊಂದಿ ಸಾಂತಿ ಮನೆಯ 1955ರ ವಿಶೇಷ ಬ್ರುನೆಲ್ಲೊ ಬಡಿಸಲಾಯಿತು. ಮೂವತ್ತು ವರ್ಷಗಳ ನಂತರ ಅಮೆರಿಕದ ವೈನ್ ಸ್ಪೆಕ್ಟೇಟರ್ ಪತ್ರಿಕೆ ಶತಮಾನದ ಹನ್ನೆರಡು ಶ್ರೇಷ್ಠ ವೈನುಗಳಲ್ಲಿ ಅದೇ 1955ರದನ್ನು ಸೇರಿಸಿತು.

ನಡುವೆ ಅಮೆರಿಕದ ಹಣವೂ ಬಂದಿತ್ತು. ನ್ಯೂಯಾರ್ಕಿನಲ್ಲಿ ಇಟಲಿಯ ಅಗ್ಗದ ಲಂಬ್ರುಸ್ಕೊ ವೈನ್ ಮಾರಿ ಬೆಳೆದಿದ್ದ ಮರಿಯಾನಿ ಸಹೋದರರ ಬಾನ್ಫಿ ಕಂಪನಿ 1978ರಲ್ಲಿ ಸೀಮೆಯ ದಕ್ಷಿಣದಲ್ಲಿ ದೊಡ್ಡ ಪ್ರಮಾಣದಲ್ಲಿ ಜಮೀನು ಕೊಂಡಿತು. ತಜ್ಞ ಎಜಿಯೊ ರಿವೆಲ್ಲ ಅದರ ಹೊಣೆ ಹೊತ್ತರು. ಅವರು ಮೊದಲು ಹಚ್ಚಿದ್ದು ಹಳೆಯ ಮೊಸ್ಕದೆಲ್ಲೊವನ್ನು, ಸಿಹಿ ಬಿಳಿ ವೈನಿಗೆ ಅಮೆರಿಕದಲ್ಲಿ ಗಿರಾಕಿ ಇದೆಯೆಂಬ ಲೆಕ್ಕದಲ್ಲಿ. ಲೆಕ್ಕ ತಪ್ಪಿತು. ಕೆಂಪು ದ್ರಾಕ್ಷಿಯತ್ತ ಹೊರಳಿದ ಮೇಲೆ ಬ್ರುನೆಲ್ಲೊ ಅಮೆರಿಕದ ಹೋಟೆಲುಗಳ ಪಟ್ಟಿಯಲ್ಲಿ ಮಾಮೂಲು ಹೆಸರಾಯಿತು. ಒಂದು ಕಂಪನಿಯ ಗಾತ್ರ ಊರಿನ ಗಾತ್ರವನ್ನೇ ಮೀರುವುದು ಒಳ್ಳೆಯದೇ ಎಂಬ ವಾದ ಆಗಲೇ ಶುರುವಾಗಿತ್ತು. ಕಂಪನಿ ತಂದ ಕೆಲಸ, ರಸ್ತೆ, ಮಾರುಕಟ್ಟೆಗಳನ್ನು ಅಲ್ಲಗಳೆಯಲಾಗದು. ಆದರೆ ಬೇಗ ಬೆಳೆದದ್ದರ ಭಾರ ಮುಂದೆ ಎಲ್ಲರ ಮೇಲೂ ಬಿತ್ತು.

ಸಾಂಜೊವೇಸೆ ಸುಲಭದ ತಳಿಯಲ್ಲ. ಮಳೆ ಹೆಚ್ಚಾದರೆ ತಿಳಿಯಾಗುತ್ತದೆ, ಬಣ್ಣ ಸಾಲದು, ಹುಳಿ ಮುಂದಾಗುತ್ತದೆ. ಮೆರ್ಲೊವಿನಂಥ ಫ್ರೆಂಚ್ ತಳಿಯನ್ನು ಸ್ವಲ್ಪ ಬೆರೆಸಿದರೆ ಬಣ್ಣವೂ ಬರುತ್ತದೆ, ಮೆದುವೂ ಆಗುತ್ತದೆ. 2008ರ ವಸಂತದಲ್ಲಿ, ಹೀಗೆ ಬೆರೆಸಿ ಬ್ರುನೆಲ್ಲೊ ಎಂದು ಮಾರುತ್ತಿದ್ದಾರೆಂಬ ಅನುಮಾನದ ಮೇಲೆ ಸಿಯೆನಾದ ಸರ್ಕಾರಿ ವಕೀಲರು ತನಿಖೆ ನಡೆಸುತ್ತಿರುವ ಸುದ್ದಿ ಹೊರಬಿತ್ತು. ಲಕ್ಷಗಟ್ಟಲೆ ಸೀಸೆಗಳಿಗೆ ಮುದ್ರೆ ಬಿತ್ತು. ಶುದ್ಧತೆಯ ಖಾತರಿ ಇಲ್ಲದೆ ಒಳಬಿಡುವುದಿಲ್ಲವೆಂದು ಅಮೆರಿಕ ಹೇಳಿತು. ನಿಯಮವನ್ನೇ ಸಡಿಲಿಸಿ ಬೇರೆ ತಳಿಗೆ ಜಾಗ ಕೊಡೋಣ ಎಂಬ ಸಲಹೆ ಒಕ್ಕೂಟದೊಳಗಿಂದಲೇ ಬಂತು. ವ್ಯಾಪಾರದ ದೃಷ್ಟಿಯಿಂದ ಅದೇ ಸಲೀಸಾದ ದಾರಿ. ಅದೇ ವರ್ಷ ಉತ್ಪಾದಕರು ಮತ ಹಾಕಿದಾಗ ಬಹುದೊಡ್ಡ ಬಹುಮತ ಸಾಂಜೊವೇಸೆ ಮಾತ್ರ ಸಾಕು ಎಂದಿತು. ಬ್ರುನೆಲ್ಲೊದ ತಮ್ಮನಂತಿರುವ, ಬೇಗ ಮಾರುಕಟ್ಟೆಗೆ ಬರುವ ರೊಸ್ಸೊ ದಿ ಮೊಂತಾಲ್ಚಿನೊಗೂ ಬೆರಕೆ ಬೇಡವೆಂದು 2011ರಲ್ಲಿ ಮತ್ತೊಮ್ಮೆ ಮತ ಬಿತ್ತು. ಈ ಎರಡು ಮತದಾನಗಳನ್ನು ನಾನು 1888ರಷ್ಟೇ ದೊಡ್ಡ ಘಟನೆಗಳೆಂದು ಎಣಿಸುತ್ತೇನೆ. ಒಬ್ಬ ಪಟ್ಟು ಹಿಡಿಯುವುದು ಬೇರೆ. ಸಾಲ ಹೊತ್ತ, ಸೀಸೆಗಳಿಗೆ ಮುದ್ರೆ ಬಿದ್ದ ಊರಿಗೆ ಊರೇ ಪಟ್ಟು ಹಿಡಿಯುವುದು ಬೇರೆ.

2008ರ ತನಿಖೆಯ ನಾಲ್ಕು ವರ್ಷಗಳ ನಂತರ ಇನ್ನೊಂದು ಆಘಾತ. ಮಿಲಾನಿನ ವಿಮಾ ವ್ಯವಹಾರ ಬಿಟ್ಟು ಇಲ್ಲಿಗೆ ಬಂದು ಕಾಸೆ ಬಾಸ್ಸೆ ಎಂಬ ತೋಟವನ್ನು ಕಟ್ಟಿದ ಜಾನ್‌ಫ್ರಾಂಕೊ ಸೊಲ್ದೆರಾ ಶುದ್ಧ ಸಾಂಜೊವೇಸೆಯ ಕಟ್ಟಾ ಪಕ್ಷಪಾತಿ. 2012ರ ಡಿಸೆಂಬರಿನ ಒಂದು ರಾತ್ರಿ ಅವರ ನೆಲಮಾಳಿಗೆಗೆ ನುಗ್ಗಿದ ಹಿಂದಿನ ನೌಕರನೊಬ್ಬ ಪೀಪಾಯಿಗಳ ನಲ್ಲಿ ತಿರುಗಿಸಿಬಿಟ್ಟ. ಆರು ಸುಗ್ಗಿಗಳ 62,600 ಲೀಟರ್ ವೈನ್ ಚರಂಡಿಗೆ ಹರಿಯಿತು. ಮತ್ತೆ ಮಾಡಿಕೊಳ್ಳಲು ಆರು ವರ್ಷ ಬೇಕು, ಆಗಲೂ ಅದು ಬೇರೆಯದೇ ಮಳೆಬಿಸಿಲಿನ ವೈನ್. ಸೊಲ್ದೆರಾ ಮತ್ತೆ ಪೀಪಾಯಿ ತುಂಬಿದರು, 2019ರಲ್ಲಿ ತೀರಿಕೊಳ್ಳುವ ತನಕ ಆ ತೋಟವನ್ನು ಬಿಡಲಿಲ್ಲ.

ಇಷ್ಟು ತಿಳಿದು ಹೋದರೆ ಊರಿನ ಒಂದೊಂದೂ ಬೇರೆಯಾಗಿ ಕಾಣುತ್ತದೆ. ಪುರಭವನದ ಗೋಡೆಯಲ್ಲಿ ವರ್ಷಕ್ಕೊಂದರಂತೆ ಹಚ್ಚಿದ ಬಣ್ಣದ ಬಿಲ್ಲೆಗಳಿವೆ. ಪ್ರತಿ ಸುಗ್ಗಿಗೂ ನಕ್ಷತ್ರಗಳ ಅಂಕ ಕೊಟ್ಟು, ಅದರ ನೆನಪಿಗೆ ಕಲಾವಿದರಿಂದಲೋ ಹೆಸರಾಂತ ವ್ಯಕ್ತಿಗಳಿಂದಲೋ ಬಿಲ್ಲೆ ಮಾಡಿಸುವ ರೂಢಿ 1990ರ ದಶಕದಲ್ಲಿ ಆರಂಭವಾಯಿತು. ಅಕ್ಟೋಬರ್ ಕೊನೆಯ ವಾರಾಂತ್ಯದಲ್ಲಿ ಬೊರ್ಗೆತ್ತೊ, ಪಿಯಾನೆಲ್ಲೊ, ರೂಗಾ, ತ್ರವಾಲ್ಯೊ ಎಂಬ ನಾಲ್ಕು ಕೇರಿಗಳು ಬಿಲ್ಲುಗಾರಿಕೆಯಲ್ಲಿ ಸೆಣಸುತ್ತವೆ. ವೇಷ ಮಧ್ಯಯುಗದ್ದು, ಹಬ್ಬ ಈ ರೂಪ ಪಡೆದದ್ದು ಮಾತ್ರ ಜನ ಊರು ಬಿಡುತ್ತಿದ್ದ 1950ರ ದಶಕದ ಕೊನೆಯಲ್ಲಿ. ಉಳಿದವರು ಊರನ್ನು ಹಿಡಿದಿಡಲು ಮಾಡಿದ ಪ್ರಯತ್ನಗಳಲ್ಲಿ ಅದೂ ಒಂದು ಎಂದು ನನ್ನ ಭಾವನೆ.

ಕೋಟೆಯ ಗೋಡೆ ಹತ್ತಿದರೆ ದಕ್ಷಿಣಕ್ಕೆ 1738 ಮೀಟರಿನ ಆಮಿಯಾತ ಬೆಟ್ಟ ನಿಂತಿರುವುದು ಕಾಣುತ್ತದೆ. ಆ ದಿಕ್ಕಿನ ಬಿರುಗಾಳಿ, ಆಲಿಕಲ್ಲುಗಳನ್ನು ತಡೆಯುವುದು ಅದೇ. ಪೂರ್ವಕ್ಕೆ ಯುನೆಸ್ಕೊ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಓರ್ಚಾ ಕಣಿವೆ. ಸಮಯವಿದ್ದವರು ಹತ್ತು ಕಿಲೊಮೀಟರ್ ಆಚೆಯ ಸಾಂತಾಂತಿಮೊ ಮಠಕ್ಕೆ ಹೋಗಲೇಬೇಕು. ಹನ್ನೆರಡನೆಯ ಶತಮಾನದ ಆ ಚರ್ಚಿನ ಕಲ್ಲುಗಂಬಗಳ ಮೇಲೆ ಬೆಳಕು ಬೀಳುವ ರೀತಿಯನ್ನು ನೋಡಿಯೇ ತಿಳಿಯಬೇಕು. ದಾರಿಯುದ್ದಕ್ಕೂ ದ್ರಾಕ್ಷಿಗಿಂತ ಕಾಡು ಮತ್ತು ಆಲಿವ್ ಮರಗಳೇ ಹೆಚ್ಚು ಕಾಣುತ್ತವೆ. ಸೀಮೆಯ ಬಹುಪಾಲನ್ನು ಬಳ್ಳಿಗೆ ಒಪ್ಪಿಸದೆ ಹಾಗೆಯೇ ಬಿಟ್ಟದ್ದು ಈ ಊರಿನ ದೊಡ್ಡ ವಿವೇಕ.

ಇವತ್ತು ಇನ್ನೂರಕ್ಕೂ ಹೆಚ್ಚು ಉತ್ಪಾದಕರಿದ್ದಾರೆ, ಬ್ರುನೆಲ್ಲೊಗೆಂದೇ ಸುಮಾರು 2,000 ಹೆಕ್ಟೇರ್ ತೋಟವಿದೆ. ದೊನಾತೆಲ್ಲ ಚಿನೆಲ್ಲಿ ಕೊಲೊಂಬಿನಿ ಎಂಬ ಈ ಊರಿನ ಮಗಳು ಮಹಿಳೆಯರೇ ವೈನ್ ಮಾಡುವ ತೋಟವನ್ನು ನಡೆಸಿದ್ದಾರೆ. ನೆಲಮಾಳಿಗೆಗಳನ್ನು ಸಾರ್ವಜನಿಕರಿಗೆ ತೆರೆದಿಡುವ ದಿನವನ್ನು ಇಟಲಿಗೆಲ್ಲ 1993ರಲ್ಲಿ ಪರಿಚಯಿಸಿದವರೂ ಅವರೇ. ಇಲ್ ಗ್ರೆಪ್ಪೊ ಈಗ ಫ್ರೆಂಚ್ ಕಂಪನಿಯ ಕೈಯಲ್ಲಿದೆ. ಸಾಂಜೊವೇಸೆಯೂ ದೂರ ಹೋಗಿದೆ. ಮಹಾರಾಷ್ಟ್ರದ ಅಕಲೂಜ್‌ನಲ್ಲಿ, ನಮ್ಮದೇ ಹಂಪಿ ಸೀಮೆಯ ಗುಡ್ಡಗಳಲ್ಲಿ ಕೂಡ ಅದೇ ತಳಿ ಬೆಳೆಯುತ್ತಿದೆ. ಇಲ್ಲಿನ ಬಿಸಿಲಿಗೆ ಅದು ಯಾವ ರುಚಿ ಪಡೆಯುತ್ತದೆಂದು ಹೇಳಲು ಇನ್ನೂ ಕೆಲವು ತಲೆಮಾರು ಬೇಕು.

ಮೊಂತಾಲ್ಚಿನೊದ ಮುಂದಿನ ಪ್ರಶ್ನೆಯೂ ಬಿಸಿಲಿನದೇ. ಬೇಸಗೆ ಉರಿಯತೊಡಗಿದೆ, ಕೊಯ್ಲು ಮುಂಚೆ ಬರುತ್ತಿದೆ. ಹಿಂದೆ ತಂಪು ಹೆಚ್ಚೆಂದು ಬಿಟ್ಟಿದ್ದ ಎತ್ತರದ, ಉತ್ತರಕ್ಕೆ ಮುಖ ಮಾಡಿದ ಇಳಿಜಾರುಗಳಿಗೆ ಈಗ ಬೇಡಿಕೆ. ನಿಯಮದ ಪ್ರಕಾರ ಬ್ರುನೆಲ್ಲೊ ಕನಿಷ್ಠ ಎರಡು ವರ್ಷ ಓಕ್ ಪೀಪಾಯಿಯಲ್ಲಿ, ಆಮೇಲೆ ಸೀಸೆಯಲ್ಲಿ ಕಳೆದು, ಸುಗ್ಗಿಯಾದ ಐದನೆಯ ವರ್ಷದ ಜನವರಿ 1ರಿಂದಷ್ಟೇ ಹೊರಬರಬಹುದು. 2025ರಲ್ಲಿ ಕೊಯ್ದ ದ್ರಾಕ್ಷಿಯ ವೈನ್ ಅಂಗಡಿಗೆ ಬರುವುದು 2030ರಲ್ಲಿ. ಈಗ ಎತ್ತರದ ಇಳಿಜಾರಿನಲ್ಲಿ ನೆಟ್ಟ ಬಳ್ಳಿ ಫಲ ಕೊಟ್ಟು, ಅದರ ರಸ ಮಾಗಿ, ಆಯ್ಕೆ ಸರಿಯೋ ತಪ್ಪೋ ಗೊತ್ತಾಗಲು ಹತ್ತು ವರ್ಷವಾದರೂ ಬೇಕು. ಆದರೂ ಅಲ್ಲಿನ ರೈತರು ಮೇಲಿನ ನೆಲವನ್ನು ಹದ ಮಾಡುತ್ತಿದ್ದಾರೆ.