ನಾಲ್ಕು ದನಿಗಳ ಒಂದು ಪ್ರಾರ್ಥನೆ

ಕ್ರಿಸ್ಮಸ್ ಬಂತೆಂದರೆ ಭದ್ರಾವತಿಯ ನ್ಯೂ ಟೌನ್‌ನಲ್ಲಿ ಕ್ರಿಸ್ತಜನನದ ಕನ್ನಡ ಹಾಡುಗಳು ಕೇಳಿಬರುತ್ತವೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯನ್ನು ನಂಬಿ ನಾನಾ ಭಾಷೆಯ ಜನ ಬಂದು ನೆಲೆಸಿದ ಊರಿದು. ಆದರೆ ಕ್ಯಾಥೊಲಿಕರ ಬಲಿಪೂಜೆಯಲ್ಲಿ ಜನರ ನುಡಿಗೆ ಈ ಸ್ಥಾನ ದೊರೆತದ್ದು, ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಅನುಮತಿ ನೀಡಿದ ನಂತರ. ಅದಕ್ಕೆ ಮೊದಲು ಪೂಜೆಯ ಭಾಷೆ ಲ್ಯಾಟಿನ್.

ಪ್ರಾರ್ಥನೆಯ ಮಾತು ಕೇಳುವವರಿಗೆ ತಿಳಿಯಬೇಕೆಂಬ ಒತ್ತಾಯ ಮಾತ್ರ ಅದಕ್ಕೂ ನಾಲ್ಕು ಶತಮಾನ ಹಳೆಯದು. ಆ ವಿವಾದದಲ್ಲಿ ಸಿಲುಕಿದ ಸಂಗೀತ ಪ್ರಕಾರಗಳಲ್ಲಿ 'ಮೊಟೆಟ್' ಒಂದು.

ಲ್ಯಾಟಿನ್ ಧಾರ್ಮಿಕ ಪಠ್ಯವೊಂದನ್ನು ಹಲವು ದನಿಗಳಲ್ಲಿ ಹೆಣೆದ ವೃಂದಗಾನವೇ ಪುನರುಜ್ಜೀವನ ಕಾಲದ ಮೊಟೆಟ್. ನಮ್ಮ ಕಿವಿ ಪಳಗಿರುವುದು ರಾಗದ ಒಂದೇ ಎಳೆಗೆ. ಗಾಯಕ ಹಾಡುತ್ತಾನೆ, ಪಿಟೀಲು ಅವನನ್ನು ಹಿಂಬಾಲಿಸುತ್ತದೆ. ಮೊಟೆಟ್‌ನಲ್ಲಿ ಮುಖ್ಯ ಗಾಯಕ, ಪಕ್ಕವಾದ್ಯ ಎಂಬ ಭೇದವಿಲ್ಲ. ಪ್ರತಿ ದನಿಗೂ ತನ್ನದೇ ಧಾಟಿಯಿದೆ. ಎಲ್ಲವೂ ಏಕಕಾಲದಲ್ಲಿ ಸಾಗಿ ಪರಸ್ಪರ ಹೊಂದಿಕೊಳ್ಳುತ್ತವೆ.

ಸ್ಪೇನಿನ ತೊಮಾಸ್ ಲೂಯಿಸ್ ದೆ ವಿಕ್ಟೋರಿಯಾ ರಚಿಸಿ, 1572ರಲ್ಲಿ ಪ್ರಕಟಿಸಿದ 'ಓ ಮಾಗ್ನುಮ್ ಮಿಸ್ಟೇರಿಯುಮ್' ಇದಕ್ಕೆ ಒಳ್ಳೆಯ ಉದಾಹರಣೆ. 'ಓ ಮಹಾ ರಹಸ್ಯವೇ' ಎಂಬುದು ಹೆಸರಿನ ಅರ್ಥ. ಗೋದಲಿಯಲ್ಲಿ ಮಲಗಿದ ದೇವಶಿಶುವನ್ನು ಮೂಕಪ್ರಾಣಿಗಳು ಕಂಡವೆಂಬ ಬೆರಗು ಇದರ ವಸ್ತು. ಮೊದಲು ಮೇಲುದನಿಯೊಂದೇ ಪಂಚಮದಿಂದ ಷಡ್ಜಕ್ಕಿಳಿದು, ಮತ್ತೆ ಪಂಚಮಕ್ಕೇರಿ ನಿಲ್ಲುತ್ತದೆ. ಅದು ಮುಂದೆ ಸಾಗುವಷ್ಟರಲ್ಲಿ ಎರಡನೆಯ ದನಿ ಕೆಳಗಿನ ಸ್ಥಾಯಿಯಲ್ಲಿ ಅದೇ ಜಾಡು ಹಿಡಿಯುತ್ತದೆ. ಬಳಿಕ ಉಳಿದೆರಡು ದನಿಗಳ ಸರದಿ.

ತೊಡಕು ಇರುವುದು ಇಲ್ಲಿಯೇ. ನಾಲ್ವರು ನಾಲ್ಕು ಹೊತ್ತಿನಲ್ಲಿ ಒಂದೇ ಪದ ನುಡಿದರೆ ಕೇಳುವವರಿಗೆ ತಿಳಿಯುವುದು ಹೇಗೆ? 1562ರಲ್ಲಿ ಟ್ರೆಂಟ್ ಮಹಾಸಭೆಯ ಕಾಲದಲ್ಲಿ ಈ ಆಕ್ಷೇಪ ಚರ್ಚೆಗೆ ಬಂತು. ಪೂಜೆಯ ಸಂಗೀತ ಕಿವಿಗೆ ಬರಿಯ ಸುಖ ಕೊಟ್ಟರೆ ಸಾಲದು, ಮಾತು ಸ್ಪಷ್ಟವಾಗಿರಬೇಕು ಎಂಬ ವಾದ ಬಲವಾಗಿತ್ತು. ಆದರೂ ಸಭೆ ಬಹುದನಿಯ ಗಾಯನವನ್ನು ನಿಷೇಧಿಸಲಿಲ್ಲ.

ಎರಡನ್ನೂ ಉಳಿಸಿಕೊಳ್ಳುವ ದಾರಿ ವಿಕ್ಟೋರಿಯಾನ ರಚನೆಯಲ್ಲೇ ಕಾಣುತ್ತದೆ. ಮಾತೆ ಮರಿಯಳನ್ನು ಧನ್ಯಳೆಂದು ಸ್ತುತಿಸುವ ಘಟ್ಟ ಬಂದಾಗ ಹೆಣಿಗೆ ಸಡಿಲವಾಗುತ್ತದೆ. ಅದುವರೆಗೆ ಬೇರೆ ಬೇರೆಯಾಗಿ ನಡೆದ ದನಿಗಳು ಒಟ್ಟಿಗೆ ನಿಂತು ಒಂದೇ ಲಯದಲ್ಲಿ ಪದಗಳನ್ನು ಉಚ್ಚರಿಸುತ್ತವೆ. ಮಾತು ನಿಚ್ಚಳವಾಗುತ್ತದೆ. ಕೊನೆಯ 'ಅಲ್ಲೆಲೂಯ'ದಲ್ಲಿ ಹಾಡು ಮೂರರ ಎಣಿಕೆಯ ನಡೆಗೆ ಹೊರಳಿ ಹಿಗ್ಗನ್ನು ತೋರುತ್ತದೆ.

1963ರ ನಿರ್ಧಾರ ಲ್ಯಾಟಿನ್ ಭಾಷೆಯನ್ನಾಗಲಿ ಹಳೆಯ ಬಹುದನಿಯ ಗಾಯನವನ್ನಾಗಲಿ ಹೊರಗಟ್ಟಲಿಲ್ಲ. ಆದರೆ ಜನರೆಲ್ಲ ಕೂಡಿ ಹಾಡುವ ಗೀತೆಗಳು ಮುಂದೆ ಬಂದಂತೆ, ಕಠಿಣ ಅಭ್ಯಾಸ ಬೇಡುವ ಮೊಟೆಟ್ ಬಹುಮಟ್ಟಿಗೆ ಕಛೇರಿಗೂ ಧ್ವನಿಮುದ್ರಣಕ್ಕೂ ಸರಿಯಿತು. ಕನ್ನಡದ ಹಾಡಿನಲ್ಲಿ ಭಕ್ತನಿಗೆ ಮಾತು ದಕ್ಕಿತು. ಅದು ಸಣ್ಣ ಗಳಿಕೆಯಲ್ಲ. ತನ್ನ ಧಾಟಿ ಬಿಡದೆ ಪಕ್ಕದವನ ದನಿಗೆ ಕಿವಿಗೊಟ್ಟು ಹಾಡುವ ಕಲೆಯನ್ನು ಅರಿಯಬೇಕೆಂದರೆ ಮಾತ್ರ ಇಂದಿಗೂ ಮೊಟೆಟ್‌ನತ್ತ ಹೋಗಬೇಕು.